ಮೆಸ್ಸಿನ ಬಾಗಿಲಲ್ಲಿ ನಿಂತವನು

"ಇನ್ನೊಂಚೂರು ದೊಡ್ಡದು ಮಾಡಿ ಕರಿಯಣ್ಣ."

"ಇನ್ನು ದೊಡ್ಡದು ಮಾಡಿದ್ರೆ ಒಡೆದುಹೋಗುತ್ತೆ ಮೇಡಂ. ಬರೀ ಚೌಕ ಚೌಕ ಕಾಣುತ್ತೆ."

"ಹೆಂಗಸಿನ ಮುಖ ಬೇಡ. ಹಿಂದೆ ಇದೆಯಲ್ಲ ಬಾಗಿಲು, ಅದು."

ಶಿವಮೊಗ್ಗದ ಸವಳಂಗ ರಸ್ತೆಯ ಆ ಫ್ಲೆಕ್ಸ್ ಅಂಗಡಿಯಲ್ಲಿ ಯಂತ್ರ ಯಾರದೋ ಗೃಹಪ್ರವೇಶದ ಬ್ಯಾನರನ್ನು ನಿಧಾನವಾಗಿ ಹೊರಕ್ಕೆ ತಳ್ಳುತ್ತಿತ್ತು. ಜಯಶೀಲಾ ಕುರ್ಚಿ ಇದ್ದರೂ ನಿಂತೇ ಇದ್ದಳು. ಸಬ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತಳಾಗಿ, ಇದೇ ಕಟ್ಟಡದ ಮಹಡಿಯಲ್ಲಿ ಪತ್ತೇದಾರಿಯ ಬೋರ್ಡು ಹಾಕಿದ ಮೇಲೂ ಕೂತು ಯೋಚಿಸುವ ಅಭ್ಯಾಸ ಅವಳಿಗೆ ಬಂದಿರಲಿಲ್ಲ. ಅವಳಿಗೆ ಬರುತ್ತಿದ್ದುದು ಹೆಚ್ಚಾಗಿ ಮದುವೆ ಗಂಡುಗಳನ್ನು ವಿಚಾರಿಸುವ ಕೆಲಸ. ಈ ವಾರದ್ದು ಬೇರೆ.

ಬುಧವಾರ ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ಸದಸ್ಯ ಶ್ರೀನಿವಾಸಮೂರ್ತಿ ಈ ಫೋಟೋವನ್ನು ಎತ್ತಿ ಹಿಡಿದಿದ್ದರು. ಗುರುವಾರದಿಂದ ಫೋಟೋದಲ್ಲಿದ್ದ ವಸಂತಮ್ಮ ಕಾಣೆ. ಆಕೆಯನ್ನು ಹುಡುಕಿಕೊಡಿ ಎಂದು ಜಯಶೀಲಾಳ ಮಹಡಿ ಹತ್ತಿ ಬಂದವರೂ ಮೂರ್ತಿಯವರೇ.

ಭಾಷಣದ ವಿಡಿಯೋವನ್ನು ಅವಳು ಅದೆಷ್ಟು ಸಲ ನೋಡಿದ್ದಳೋ. ಈಗಲೂ ಅವಳ ಮೊಬೈಲಿನಲ್ಲಿ ಅದು ಓಡುತ್ತಿತ್ತು.

"ಸಭಾಪತಿಗಳೇ, ಸಚಿವರು ಬೆಳವಣಿಗೆಯ ದರ ಓದಿದರು. ಅರ್ಥಶಾಸ್ತ್ರ ಪಾಠ ಮಾಡಿ ಬಂದವನು ನಾನು, ದರ ಓದಲು ನನಗೂ ಬರುತ್ತದೆ. ನಾನು ಕೇಳುವುದು ಇಷ್ಟೇ. ಈ ಬೆಳವಣಿಗೆ ಯಾರ ಮನೆಯ ಒಲೆ ಹೊತ್ತಿಸಿತು? ಭದ್ರಾವತಿಯ ಕಾಗದನಗರದ ಪಕ್ಕದಲ್ಲಿ ಒಂದು ಫೌಂಡ್ರಿ ಇತ್ತು. ಅಲ್ಲಿನ ಹುಡುಗರಿಗೆ ವಸಂತಮ್ಮ ಎಂಬ ತಾಯಿ ಮೆಸ್ಸಿನಲ್ಲಿ ಅನ್ನ ಹಾಕುತ್ತಿದ್ದರು. ಫೌಂಡ್ರಿ ಮುಚ್ಚಿತು. ಸಣ್ಣ ಕಾರ್ಖಾನೆಗಳಿಗೆ ನೆರವು ಕೊಟ್ಟಿದ್ದೇವೆ ಎಂದು ಸರ್ಕಾರ ಹೇಳುತ್ತದೆ. ಆ ನೆರವು ಯಾವ ಊರಿಗೆ ಹೋಯಿತೋ, ನಮ್ಮೂರಿಗಂತೂ ಬರಲಿಲ್ಲ. ಖಾಲಿ ಬೆಂಚುಗಳ ಮುಂದೆ ನಿಂತಿರುವ ಈ ತಾಯಿಯನ್ನು ನೋಡಿ, ಆಮೇಲೆ ನಿಮ್ಮ ದರ ಓದಿ."

ಗದ್ದಲ. ಫೋಟೋ ಕೆಳಗಿಡಿ ಎಂದು ಸಭಾಪತಿಗಳು ಹೇಳುವಷ್ಟರಲ್ಲಿ ಕ್ಯಾಮೆರಾ ಅವರ ಪೀಠದ ಕಡೆ ತಿರುಗಿತ್ತು. ಆದರೆ ಮೂರ್ತಿಯವರ ಕಚೇರಿ ಅದೇ ಫೋಟೋವನ್ನು ಸಂಜೆಯೊಳಗೆ ಊರಿಗೆಲ್ಲ ಹಂಚಿತ್ತು.

ಕಂಪ್ಯೂಟರಿನ ಪರದೆಯಲ್ಲಿ ಈಗ ವಸಂತಮ್ಮ ಇರಲಿಲ್ಲ. ಮೆಸ್ಸಿನ ಬಾಗಿಲು ಮಾತ್ರ. ಬಾಗಿಲಿನ ಕತ್ತಲಲ್ಲಿ ಊಟದ ತಟ್ಟೆ ಹಿಡಿದ ಒಬ್ಬ ಗಂಡಸು. ರಸ್ತೆಯಲ್ಲಿ ಹೋಗುವ ಯಾರನ್ನೋ ನೋಡಲು ಮುಖ ತಿರುಗಿಸಿದ್ದ. ಗಡ್ಡ ಬಿಟ್ಟಿದ್ದ.

ಕರಿಯಣ್ಣನ ಕೈ ಮೌಸಿನ ಮೇಲೆ ನಿಂತುಹೋಯಿತು.

"ಏನಾಯ್ತು?"

"ಇವನನ್ನ ನಾನು ಪ್ರಿಂಟ್ ಹೊಡೆದಿದೀನಿ ಮೇಡಂ."

ಅವನು ಹಳೆಯ ಫೈಲುಗಳನ್ನು ತಡಕಾಡಿದ. ಸಿಕ್ಕಿದ್ದನ್ನು ಬಾಗಿಲಿನ ಚಿತ್ರದ ಪಕ್ಕಕ್ಕೆ ಎಳೆದು ತಂದ. 'ಭಾವಪೂರ್ಣ ಶ್ರದ್ಧಾಂಜಲಿ' ಎಂಬ ದಪ್ಪ ಅಕ್ಷರ, ಎರಡು ಬದಿಗೂ ದೀಪ, ನಡುವೆ ನುಣ್ಣಗೆ ಗಡ್ಡ ಹೆರೆದ ಮೂವತ್ತರ ಆಸುಪಾಸಿನ ಮುಖ.

ಚಂದ್ರಹಾಸ.

ಆ ಮುಖ ಜಯಶೀಲಾಗೂ ನೆನಪಿತ್ತು. ಐದು ವರ್ಷದ ಹಿಂದೆ ಅದು ನೇತಾಡದ ಸರ್ಕಲ್ ಜಿಲ್ಲೆಯಲ್ಲಿ ಇರಲಿಲ್ಲ. ಫೌಂಡ್ರಿಯಲ್ಲಿ ಸೂಪರ್‌ವೈಸರ್ ಆಗಿದ್ದವನು, ಕೆಲಸ ಹೋದ ಮೇಲೆ ಕಾಣೆಯಾಗಿ ಭದ್ರಾ ನಾಲೆಯಲ್ಲಿ ಹೆಣವಾಗಿ ಸಿಕ್ಕಿದ್ದ. ಆ ಹೆಣದ ಮೆರವಣಿಗೆಯ ಮುಂದೆ ನಡೆದವರು ಶ್ರೀನಿವಾಸಮೂರ್ತಿ. ಆಗ ಅವರು ಕಾಲೇಜು ಮೇಷ್ಟ್ರು. ಅಲ್ಲಿಂದ ಅವರು ನಾಯಕರಾದರು, ಪಕ್ಷ ಅವರನ್ನು ದೆಹಲಿಗೆ ಕಳಿಸಿತು. ಅಲ್ಲಿ ಅವರ ಮೊದಲ ಭಾಷಣವೂ ಚಂದ್ರಹಾಸನ ಸಾವಿನ ಮೇಲೆಯೇ.

"ಹೋಲಿಕೆ ಇರ್ಬಹುದಾ ಮೇಡಂ?"

"ಕಿವಿ ನೋಡಿ."

ಗಡ್ಡ ಬಿಡಬಹುದು, ಮೈ ಇಳಿಯಬಹುದು, ಕಿವಿ ಬದಲಾಗುವುದಿಲ್ಲ. ಫ್ಲೆಕ್ಸಿನಲ್ಲಿದ್ದ ಕಿವಿಯ ಮೇಲಂಚು ಮಡಚಿದಂತೆ ಒಳಕ್ಕೆ ಬಾಗಿತ್ತು. ಬಾಗಿಲಲ್ಲಿ ನಿಂತವನದೂ ಹಾಗೆಯೇ.

"ಹಳೇ ಫೋಟೋ ಇದ್ದೀತು," ಎಂದ ಕರಿಯಣ್ಣ. ಅವನ ದನಿಯಲ್ಲಿ ಹಾಗೇ ಇರಲಿ ಎಂಬ ಆಸೆ ಇತ್ತು.

"ಅದನ್ನೇ ನೋಡ್ಕೊಂಡು ಬರ್ತೀನಿ. ಎರಡನ್ನೂ ಒಂದೇ ಕಾಗದದಲ್ಲಿ ತೆಗೆದುಕೊಡಿ. ಯಾರಿಗೂ ಹೇಳ್ಬೇಡಿ."

"ಸತ್ತವನು ಊಟದ ತಟ್ಟೆ ಹಿಡ್ಕೊಂಡು ನಿಂತಿದಾನೆ ಅಂತ ಯಾರಿಗೆ ಹೇಳ್ಲಿ ಮೇಡಂ. ನನ್ನನ್ನೇ ಹುಚ್ಚ ಅಂತಾರೆ."

*

ಭದ್ರಾವತಿ ತಲುಪುವವರೆಗೂ ಜಯಶೀಲಾ ಸ್ಕೂಟರನ್ನು ಎಲ್ಲೂ ನಿಲ್ಲಿಸಲಿಲ್ಲ. ಮಾಚೇನಹಳ್ಳಿಯ ಹತ್ತಿರ ಲಾರಿಯೊಂದು ದಾರಿ ಬಿಡದೆ ಸತಾಯಿಸಿದಾಗ ಸುಮ್ಮನೆ ಹಾರ್ನ್ ಒತ್ತುತ್ತಲೇ ಇದ್ದಳು. ಮೂರ್ತಿಯವರ ಕಚೇರಿಯಿಂದ ಎರಡು ಸಲ ಫೋನ್ ಬಂತು. ತೆಗೆಯಲಿಲ್ಲ.

ಕಾಗದನಗರದ ಕ್ವಾರ್ಟರ್ಸ್ ಸಾಲುಗಳಲ್ಲಿ ಕೆಲವು ಮನೆಗಳ ಕಿಟಕಿಗೆ ಬಳ್ಳಿ ಹತ್ತಿತ್ತು. ಕೆಲವದರ ಮುಂದೆ ಬಟ್ಟೆ ಒಣಗುತ್ತಿತ್ತು. ಸಾಲು ಮುಗಿದಲ್ಲಿ ತಿರುವಿನ ಆಚೆ ವಸಂತಮ್ಮನ ಮೆಸ್. ಬಾಗಿಲಿಗೆ ಬೀಗ. ಹೊರಗಿನ ಬೆಂಚಿನ ಮೇಲೆ ಯಾವುದೋ ಚಾನೆಲ್ಲಿನವರು ಕುಡಿದು ಬಿಟ್ಟುಹೋದ ನೀರಿನ ಬಾಟಲಿಗಳು.

ಅವಳು ಮೊದಲು ನೋಡಿದ್ದು ಗೋಡೆಯನ್ನು. ಫೋಟೋದಲ್ಲಿ ಇದ್ದಂತೆಯೇ ತಿಳಿ ಹಸಿರು.

ಎದುರು ಮನೆಯ ಜಗಲಿಯಿಂದ ಒಬ್ಬ ಮುದುಕ ಇವಳನ್ನೇ ನೋಡುತ್ತಿದ್ದ. ಹೆಸರು ಭೂತಪ್ಪ, ಫೌಂಡ್ರಿಯಲ್ಲಿ ವಾಚ್‌ಮನ್ ಆಗಿದ್ದವನು. ಟಿವಿಯವಳಲ್ಲ, ಪೊಲೀಸಿನಲ್ಲಿದ್ದವಳು ಎಂದು ಖಾತ್ರಿಯಾದ ಮೇಲೆ ಕೂರಲು ಚಾಪೆ ಹಾಸಿದ.

"ಈ ಗೋಡೆಗೆ ಬಣ್ಣ ಯಾವಾಗ ಹೊಡೆಸಿದ್ದು ಅಜ್ಜಾ?"

"ಈ ಸಂಕ್ರಾಂತಿಗೆ. ಹೊಡೆಸೋದೇನು, ಅವಳೇ ಹೊಡೆದಳು. ಸಹಾಯಕ್ಕೆ ಆ ಮನುಷ್ಯನೂ ಇದ್ದ."

"ಯಾವ ಮನುಷ್ಯ?"

ಭೂತಪ್ಪ ಬಾಯೊಳಗಿನ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿದ. "ದೀಪಾವಳಿ ಆದ್ಮೇಲೆ ಬಂದವನು. ಹಿಂದಿನ ಕೋಣೇಲಿ ಇರ್ತಿದ್ದ, ಹಗಲು ಹೊರಗೆ ಬರ್ತಿರಲಿಲ್ಲ. ನಂಟ ಅಂತ ಹೇಳಿದ್ಲು. ನಾನು ಹೆಚ್ಚು ಕೇಳ್ಲಿಲ್ಲ. ನನ್ನ ಕಣ್ಣೂ ಅಷ್ಟಕ್ಕಷ್ಟೇ."

ಹಾಗಾದರೆ ಫೋಟೋ ಹಳೆಯದಲ್ಲ. ಈ ಹಸಿರು ಗೋಡೆಯ ಮುಂದೆ ತೆಗೆದದ್ದು ಸಂಕ್ರಾಂತಿ ಕಳೆದ ಮೇಲೆ.

"ಗುರುವಾರ ಏನಾಯ್ತು?"

"ಏನಂತ ಹೇಳ್ಲಿ ಮಾರಾಯ್ತಿ. ನಿನ್ನ ಫೋಟೋ ಡೆಲ್ಲೀಲಿ ತೋರಿಸಿದಾರೆ ಅಂತ ಬೆಳಿಗ್ಗೆ ನಾನೇ ಮೊಬೈಲ್ ತಗೊಂಡೋಗಿ ತೋರಿಸ್ದೆ. ಮೊದಲು ನಕ್ಕಳು. ಸೀರೆ ಸರಿಯಾಗಿ ಉಟ್ಕೋಬೇಕಿತ್ತು ಅಂದ್ಲು. ಒಳಗಿಂದ ಅವನು ಬಂದು ಇಣುಕಿ ನೋಡ್ದ. ಅವನ ಮುಖ ಹೋಯ್ತು ನೋಡು. ಒಲೆ ಮೇಲೆ ಅನ್ನ ಬೇಯ್ತಿತ್ತು. ಅರ್ಧಕ್ಕೇ ಆರಿಸಿ ಇಬ್ರೂ ಹೊರಟುಹೋದ್ರು. ಅವಳು ಹೋಗೋಕೆ ಒಲ್ಲೆ ಅಂದಂಗೆ ಕಾಣ್ಲಿಲ್ಲ. ಓಡ್ತಾನೇ ಹೋದ್ಲು."

ಎಳೆದೊಯ್ದಿಲ್ಲ. ಅವಳಾಗಿ ಹೋಗಿದ್ದಾಳೆ. ಜಯಶೀಲಾ ಚಾಪೆಯಿಂದ ಎದ್ದು ಜಗಲಿಯ ಅಂಚಿಗೆ ಬಂದಳು. ಮೆಸ್ಸಿನ ಬಾಗಿಲು, ಬೆಂಚು, ವಿದ್ಯುತ್ ಕಂಬ. ಕಾಗದ ಬಿಚ್ಚಿ ಫೋಟೋ ನೋಡಿದಳು. ಕಂಬ ಅದೇ ಜಾಗದಲ್ಲಿತ್ತು.

"ಅಜ್ಜಾ, ಈ ಫೋಟೋ ತೆಗೆದದ್ದು ಇಲ್ಲಿ ನಿಂತು."

"ಹೂಂ. ಎಂಪಿ ಸಾಹೇಬ್ರ ಆಫೀಸಿನ ಹುಡುಗಿ. ಮೊದಲು ರಸ್ತೇಲಿ ನಿಂತು ಬೇಕಾದಷ್ಟು ತೆಗೆದ್ಲು. ಆಮೇಲೆ ಯಾಕೋ ತಲೆ ಸುತ್ತು ಬಂದಂಗಾಯ್ತು ಪಾಪ. ಇಲ್ಲಿ ಬಂದು ಕೂತ್ಲು, ನೀರು ಕೊಟ್ಟೆ. ಕುಡೀಲಿಲ್ಲ. ಲೋಟ ಹಿಡ್ಕೊಂಡು ಆ ಬಾಗಿಲನ್ನೇ ನೋಡ್ತಾ ಕೂತಿದ್ಲು. ನೀರು ಚೆಲ್ಲಿ ಸೀರೆ ನೆನೀತು, ಅದೂ ಗೊತ್ತಾಗ್ಲಿಲ್ಲ ಅವಳಿಗೆ. ಹೋಗೋ ಮುಂಚೆ ಎದ್ದು ಇಲ್ಲಿಂದ ಇನ್ನೊಂದು ಫೋಟೋ ತೆಗೆದ್ಲು."

"ಹುಡುಗಿ ಹೆಸರು?"

"ದಿವ್ಯಶ್ರೀ ಅಂದಂಗಿತ್ತು."

ಮೂರ್ತಿಯವರ ಕಚೇರಿಯ ದಿವ್ಯಶ್ರೀ ಯಾರೆಂದು ಶಿವಮೊಗ್ಗದಲ್ಲಿ ಎಲ್ಲರಿಗೂ ಗೊತ್ತು. ಚಂದ್ರಹಾಸನ ಹೆಂಡತಿ. ಗಂಡ ಹೋದ ಮೇಲೆ ದಿಕ್ಕಿಲ್ಲದವಳಿಗೆ ಕೆಲಸ ಕೊಟ್ಟರು ಎಂದು ಮೂರ್ತಿಯವರನ್ನು ಹೊಗಳದವರಿಲ್ಲ.

ಜಯಶೀಲಾ ತನ್ನ ನಂಬರನ್ನು ಭೂತಪ್ಪನ ಮೊಬೈಲಿನಲ್ಲಿ ತಾನೇ ಒತ್ತಿ ಸೇರಿಸಿದಳು. "ವಸಂತಮ್ಮ ಬಂದ್ರೆ, ಅವನು ಬಂದ್ರೆ, ಯಾರೇ ಬಂದ್ರೂ ನನಗೆ ಮೊದಲು ಹೇಳ್ಬೇಕು."

*

ವಿನೋಬನಗರದ ಮನೆಯ ಹಾಲಿನಲ್ಲಿ ಶ್ರೀನಿವಾಸಮೂರ್ತಿ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಿದ್ದರು. ಪಂಚೆ, ಮೇಲೆ ಇಸ್ತ್ರಿ ಮಾಡಿದ ಜುಬ್ಬಾ. ಟೀಪಾಯಿಯ ಮೇಲೆ ಬಜೆಟ್ಟಿನ ಪುಸ್ತಕಗಳು. ಹೊರಗೆ ಗೇಟಿನಲ್ಲಿ ಚಾನೆಲ್ಲಿನ ಎರಡು ವ್ಯಾನುಗಳು ನಿಂತಿದ್ದವು.

"ಫೋನ್ ತೆಗೀಲಿಲ್ಲ ನೀವು. ಸಿಕ್ಕಿದ್ರಾ ವಸಂತಮ್ಮ?"

"ಇಲ್ಲ ಸರ್. ಬೇರೆಯವರು ಸಿಕ್ಕಿದ್ರು."

"ಕೂತ್ಕೊಂಡು ಹೇಳಿ."

ಅವಳು ಕೂರಲಿಲ್ಲ. ಅವರೂ ಕೂರಲಿಲ್ಲ. ಕಾಗದವನ್ನು ಬಜೆಟ್ ಪುಸ್ತಕದ ಮೇಲೆ ಬಿಡಿಸಿಟ್ಟಳು. ಮೂರ್ತಿಯವರು ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇದನ್ನ ಇನ್ಯಾರು ನೋಡಿದಾರೆ?"

"ಅವನು ಬದುಕಿದಾನಾ ಅಂತ ಮೊದಲು ಕೇಳ್ತೀರಿ ಅಂದ್ಕೊಂಡಿದ್ದೆ."

ಅವರು ಕಿಟಕಿಯ ಹತ್ತಿರ ಹೋಗಿ ಪರದೆ ಎಳೆದರು.

"ಜಯಶೀಲಾ ಅವರೇ, ಸೋಮವಾರ ಸಚಿವರು ಉತ್ತರ ಕೊಡೋಕೆ ಏಳ್ತಾರೆ. ಇದು ಅವರ ಕೈಗೆ ಸಿಕ್ಕಿದ್ರೆ ಇದೊಂದನ್ನೇ ಹಿಡ್ಕೋತಾರೆ. ಮುಚ್ಚಿದ ಫೌಂಡ್ರಿ ಬಗ್ಗೆ ಯಾರೂ ಮಾತಾಡಲ್ಲ, ಕೆಲಸ ಹೋದವರ ಬಗ್ಗೆ ಮಾತಾಡಲ್ಲ. ಸತ್ತವನನ್ನ ಬದುಕಿಸಿದ ಮೇಷ್ಟ್ರು ಅಂತ ನಗ್ತಾರೆ, ಅಲ್ಲಿಗೆ ಮುಗೀತು. ನಾನು ಹೇಳಿದ್ದರಲ್ಲಿ ಒಂದು ಅಂಕಿ ತಪ್ಪಿಲ್ಲ. ನೀವು ಕಾಗದನಗರ ನೋಡಿ ಬಂದಿದೀರಿ. ನಾನು ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ ಸರ್."

"ಮತ್ತೆ? ಒಬ್ಬ ಮನುಷ್ಯ ನನಗೂ ಮೋಸ ಮಾಡ್ದ, ಊರಿಗೂ ಮೋಸ ಮಾಡ್ದ. ಅಷ್ಟೆ."

"ಅಷ್ಟೇ ಅಲ್ಲ. ಚಂದ್ರಹಾಸ ಬದುಕಿದ್ರೆ, ಅವತ್ತು ನಾಲೇಲಿ ಸಿಕ್ಕಿದ್ದು ಯಾರು? ಮೆರವಣಿಗೆ ಮಾಡಿ ಸುಟ್ಟದ್ದು ಯಾರನ್ನ?"

ಹೊರಗೆ ವ್ಯಾನಿನವರು ಯಾವುದಕ್ಕೋ ನಕ್ಕರು. ಮೂರ್ತಿಯವರು ಪರದೆಯ ಅಂಚನ್ನು ಬೆರಳಿಂದ ಮಡಚುತ್ತ ನಿಂತರು.

"ಹೆಣ ಗುರುತಿಸಿದವರು ಯಾರು ಸರ್?"

"ನಾನು."

"ಹೆಂಡತಿ ಅಲ್ವಾ?"

"ದಿವ್ಯಶ್ರೀಗೆ ಎಚ್ಚರವೇ ಇರಲಿಲ್ಲ. ಅವಳ ಕಡೆಯವರು ಯಾರೂ ಬಂದಿರಲಿಲ್ಲ. ನನ್ನನ್ನ ಕರೆದ್ರು, ಹೋದೆ."

"ಏನು ನೋಡಿ ಇವನೇ ಅಂದ್ರಿ?"

ಮೂರ್ತಿಯವರ ದನಿ ಇಳಿಯಿತು. "ನೋಡಲಿಲ್ಲ. ಬಟ್ಟೆ ಮುಚ್ಚಿದ್ರು. ಆ ವಾಸನೆ ನನ್ನ ಕೈಲಿ ತಡೆಯೋಕಾಗ್ಲಿಲ್ಲ, ಶವಾಗಾರದ ಹೊಸ್ತಿಲು ಸಹ ದಾಟಲಿಲ್ಲ. ಜೇಬಲ್ಲಿ ಸಿಕ್ಕ ಅವನ ಗುರುತಿನ ಚೀಟಿ ತೋರಿಸಿದ್ರು. ಹೊರಗೆ ಜನ ಅವನ ಹೆಸರು ಕೂಗ್ತಿದ್ರು. ಹೌದು ಅಂದೆ. ದೇವರಾಣೆಗೂ ಹೇಳ್ತೀನಿ, ಆ ಹೆಣದ ಒಂದು ಬೆರಳನ್ನೂ ನಾನು ನೋಡಿಲ್ಲ."

ಜಯಶೀಲಾ ಅವರ ಮುಖವನ್ನೇ ನೋಡಿದಳು. ಸುಳ್ಳು ಹೇಳುವವರನ್ನು ಅವಳು ಸಾಕಷ್ಟು ಕಂಡಿದ್ದಳು. ಇವರ ಕಣ್ಣಲ್ಲಿ ನೀರಿತ್ತು. ಹೆದರಿದ ಮೇಷ್ಟ್ರು ಜನರ ಗಲಾಟೆಗೆ ಸಿಕ್ಕಿ ಹೌದು ಅಂದಿರಬಹುದು. ಆಮೇಲೆ ಅಲ್ಲ ಎನ್ನಲು ದಾರಿಯೇ ಇರಲಿಲ್ಲ. ಅವಳಿಗೆ ಅಯ್ಯೋ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ಕಿರಿಕಿರಿಯೂ ಆಯಿತು.

"ಈ ಫೋಟೋವನ್ನ ನಿಮ್ಮ ಕೈಗೆ ಕೊಟ್ಟವರು?"

"ನಾನು ಕೊಟ್ಟೆ."

ಒಳಕೋಣೆಯ ಬಾಗಿಲಲ್ಲಿ ದಿವ್ಯಶ್ರೀ ನಿಂತಿದ್ದಳು. ಬಿಗಿಯಾಗಿ ಹೆಣೆದ ಜಡೆ, ಬರಿದಾದ ಹಣೆ. ಯಾವಾಗಿನಿಂದ ಅಲ್ಲಿದ್ದಳೋ ಇಬ್ಬರೂ ನೋಡಿರಲಿಲ್ಲ.

"ಬೇರೆ ಫೋಟೋಗಳೂ ಇದ್ವು, ಮೇಡಂ. ಅವುಗಳಲ್ಲಿ ವಸಂತಮ್ಮ ಒಬ್ರೇ ಇದ್ರು. ನಾನು ಇದನ್ನೇ ಕೊಟ್ಟೆ."

ಮೂರ್ತಿಯವರು ತಿರುಗಿದರು. "ನಿನಗೆ ಗೊತ್ತಿತ್ತಾ?"

"ರಸ್ತೇಲಿ ನಿಂತು ಫೋಟೋ ತೆಗೀತಿದ್ದಾಗ ಒಳಗಿಂದ ಕೆಮ್ಮಿದ ಶಬ್ದ ಬಂತು ಸರ್. ಅವರ ಕೆಮ್ಮು ನನಗೆ ಗೊತ್ತಾಗದೆ ಇರುತ್ತಾ? ತಲೆ ಕೆಟ್ಟಿದೆ ಅಂದ್ಕೊಂಡೆ. ಎದುರುಮನೆ ಜಗಲೀಲಿ ಕೂತೆ. ಅವರು ತಟ್ಟೆ ಹಿಡ್ಕೊಂಡು ಬಾಗಿಲಿಗೆ ಬಂದ್ರು. ಸಾರು ಸಾಲಲ್ಲ ಅಂತ ಒಳಗೆ ತಿರುಗಿ ಹೇಳಿದ್ರು. ಇನ್ನೂ ಸಾರು ಹೆಚ್ಚೇ ಬೇಕು ಅವರಿಗೆ."

"ನನ್ನ ಹತ್ರ ಬಂದು ಹೇಳ್ಬಹುದಿತ್ತಲ್ಲಮ್ಮ," ಎಂದರು ಮೂರ್ತಿಯವರು.

"ಹೇಳಿದ್ರೆ ಏನು ಮಾಡ್ತಿದ್ರಿ?"

ಅವರು ಪರದೆಯ ಅಂಚನ್ನು ಬಿಟ್ಟು ಮತ್ತೆ ಹಿಡಿದರು.

"ಐದು ವರ್ಷ ಎಲ್ಲಾ ಸಭೇಲೂ ನನ್ನನ್ನ ವೇದಿಕೆ ಮೇಲೆ ಕೂರಿಸಿದ್ರಿ. ಕೆಲಸ ಕೊಟ್ರಿ, ಇಲ್ಲ ಅನ್ನಲ್ಲ. ಆದ್ರೆ ಅವರು ಸತ್ತಿದಾರೆ ಅಂತ ಪ್ರತಿ ಸಲವೂ ನೀವು ಹೇಳ್ಬೇಕು, ನಾನು ಅಳ್ಬೇಕು. ಅವರು ಬದುಕಿದ್ರೆ ಅದನ್ನೂ ಎಲ್ಲರ ಮುಂದೇನೇ ತೋರಿಸಿ ಅಂತ ಕೊಟ್ಟೆ. ಒಂದು ಸಲ ಸರಿಯಾಗಿ ನೋಡಿದ್ರೆ ನಿಮಗೇ ಕಾಣ್ತಿತ್ತು ಸರ್. ವಿಮಾನದಲ್ಲಿ ಪೂರ್ತಿ ನಿಮ್ಮ ಕೈಲೇ ಇತ್ತು. ನೀವು ಭಾಷಣ ಓದ್ತಿದ್ರಿ."

ಮೂರ್ತಿಯವರು ಮತ್ತೆ ಕಿಟಕಿಯ ಕಡೆ ತಿರುಗಿಕೊಂಡರು. ಸದನದಲ್ಲಿ ಸಚಿವರ ಮಾತಿಗೆ ತಡೆಯೊಡ್ಡುವ ಮನುಷ್ಯ ಈಗ ಪರದೆಯ ಮುಂದೆ ಶಿಕ್ಷೆಗೆ ನಿಲ್ಲಿಸಿದವರಂತೆ ನಿಂತರು.

ಜಯಶೀಲಾಳ ಮೊಬೈಲ್ ಹೊಡೆದುಕೊಂಡಿತು. ಭೂತಪ್ಪನ ನಂಬರು.

"ಬಂದ್ಲು ಮಾರಾಯ್ತಿ. ಒಬ್ಬಳೇ ಬಂದಿದಾಳೆ. ಬೀಗಾನೂ ತೆಗೀದೆ ಬೆಂಚಿನ ಮೇಲೆ ಕೂತಿದಾಳೆ. ನಿನ್ನ ಹತ್ರ ಮಾತಾಡ್ಬೇಕಂತೆ."

"ನಾನೂ ಕೇಳ್ಬೇಕು ಮೇಡಂ," ಎಂದಳು ದಿವ್ಯಶ್ರೀ. ಜಯಶೀಲಾ ಸ್ಪೀಕರ್ ಹಾಕಿದಳು.

"ಮೇಡಂ, ನಾನು ವಸಂತಮ್ಮ." ಬಿಸಿಲಲ್ಲಿ ದೂರ ನಡೆದು ಬಂದವರ ಒಣಗಿದ ದನಿ. "ನೀವು ಪೊಲೀಸಲ್ಲಿ ಇದ್ದವರು ಅಂತ ಭೂತಪ್ಪ ಹೇಳ್ತಾನೆ. ನಿಮಗೆ ಗೊತ್ತಿರುತ್ತೆ ಅಂತ ಕೇಳ್ತಿದೀನಿ."

"ಕೇಳಿ ವಸಂತಮ್ಮ. ನೀವು ಎಲ್ಲಿ ಹೋಗಿದ್ರಿ?"

"ಬೀರೂರಿಗೆ. ನನ್ನ ಮಗ ಸುನಿಲ್ ಮಸ್ಕತ್‌ನಲ್ಲಿದಾನೆ ಮೇಡಂ. ಐದು ವರ್ಷದಿಂದ ಬರೀ ಮೆಸೇಜ್ ಬರುತ್ತೆ, ದನಿ ಕೇಳಿಲ್ಲ. ದೀಪಾವಳಿ ಆದ್ಮೇಲೆ ಚಂದ್ರಹಾಸ ಬಂದ. ಊರೆಲ್ಲ ಸತ್ತ ಅಂದವನು ಬಾಗಿಲಿಗೆ ಬಂದ್ರೆ ನಾನು ಕಿರುಚಿಕೊಳ್ಳದೆ ಬಿಟ್ಟಿದ್ದೇ ಹೆಚ್ಚು. ಸುನಿಲ್ ಜೊತೆಗಿದ್ದೆ, ಅವನು ಬರ್ತಾನೆ, ಅಲ್ಲೀತನಕ ನನ್ನ ವಿಷಯ ಯಾರಿಗೂ ಹೇಳ್ಬೇಡ ಅಂದ. ಮಗ ಬರ್ತಾನೆ ಅನ್ನೋ ಆಸೆಗೆ ಅನ್ನ ಹಾಕಿ ಇಟ್ಕೊಂಡೆ. ಗುರುವಾರ ಫೋಟೋ ನೋಡಿ, ಸುನಿಲ್ ಬೀರೂರು ಸ್ಟೇಷನ್‌ಗೆ ಬರ್ತಾನೆ ಬಾ ಅಂತ ಕರ್ಕೊಂಡೋದ."

"ಬಂದ್ನಾ?"

"ನಿನ್ನೆಯೆಲ್ಲ ಕಾದ್ವಿ. ಇವತ್ತು ಬೆಳಿಗ್ಗೆ ರೈಲು ಬಂತು. ಚಂದ್ರಹಾಸ ಹತ್ತಿ ಬಾಗಿಲಲ್ಲಿ ನಿಂತು ಕೈ ಮುಗ್ದ. ಸುನಿಲ್ ಇನ್ನು ಬರಲ್ಲಮ್ಮ, ಮೆಸೇಜ್ ಕಳಿಸ್ತಿದ್ದವನು ನಾನೇ, ನನ್ನ ಹೆಸರಲ್ಲಿ ಅವನು ಹೋಗ್ಬಿಟ್ಟ ಅಂದ. ರೈಲು ಹೊರಟುಹೋಯ್ತು." ಮಾತು ಕಡಿದು ಮತ್ತೆ ಬಂತು. "ಅವನ ಹೆಸರಲ್ಲಿ ಹೋದದ್ದು ಆ ನಾಲೆ ಹೆಣ ಅಲ್ವಾ ಮೇಡಂ?"

ದಿವ್ಯಶ್ರೀ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

"ಇನ್ನೂ ಏನೂ ಗೊತ್ತಿಲ್ಲ ವಸಂತಮ್ಮ. ನಾನು ಈಗಲೇ ಬರ್ತೀನಿ."

"ಬರೋದು ಇರ್ಲಿ. ಇದೊಂದು ಹೇಳಿ. ನನ್ನ ಮಗ ಚಿಕ್ಕವನಿದ್ದಾಗ ಕೈ ಮೇಲೆ ಬಿಸಿ ಎಣ್ಣೆ ಬಿದ್ದಿತ್ತು. ದೊಡ್ಡ ಕಲೆ. ಆ ಹೆಣದ ಕೈ ಮೇಲೆ ಕಲೆ ಇತ್ತಾ? ಇರಲಿಲ್ಲ ಅಂತ ಹೇಳಿ ಮೇಡಂ, ಸಾಕು."

ಆ ಪ್ರಕರಣ ಜಯಶೀಲಾಳ ಠಾಣೆಯದಾಗಿರಲಿಲ್ಲ. ಹೆಣವನ್ನು ಅವಳು ನೋಡಿರಲಿಲ್ಲ. ಹಳೆಯ ಸಹೋದ್ಯೋಗಿಗಳಲ್ಲಿ ಯಾರನ್ನು ಕೇಳಬೇಕೆಂದು ಮನಸ್ಸು ಆಗಲೇ ಹುಡುಕತೊಡಗಿತ್ತು.

"ಯಾವ ಕೈ ವಸಂತಮ್ಮ? ಬಲಗೈಯಾ, ಎಡಗೈಯಾ?"

ಆ ಕಡೆಯಿಂದ ಅಳು ಮಾತ್ರ ಬಂತು. ಭೂತಪ್ಪ ಏನೋ ಸಮಾಧಾನ ಹೇಳುತ್ತಿದ್ದ.

"ಎಡಗೈ," ಎಂದರು ಶ್ರೀನಿವಾಸಮೂರ್ತಿ.

ಅವರು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದರು. ಬಹಳ ಮೆಲ್ಲಗೆ, ತಮ್ಮಷ್ಟಕ್ಕೆ ತಾವೇ ಅಂದುಕೊಂಡಂತೆ ಹೇಳಿದ್ದರು. ಮಾತು ಹೊರಬಿದ್ದದ್ದು ಅವರಿಗೆ ತಿಳಿದಿರಲಿಲ್ಲವೋ ಏನೋ. ದಿವ್ಯಶ್ರೀ ಅವರತ್ತ ತಿರುಗಿದಳು. ಪರದೆಯನ್ನು ಮಡಚುತ್ತಿದ್ದ ಅವರ ಬೆರಳು ಆಗ ನಿಂತಿತು.

ಫೋನಿನಲ್ಲಿ ಅಳು ನಿಂತಿತು.

"ಹೂಂ, ಎಡಗೈಯೇ. ಮೊಣಕೈ ಕೆಳಗೆ," ಎಂದಳು ವಸಂತಮ್ಮ. "ಈಗ ಹೇಳಿದ್ದು ಯಾರು ಮೇಡಂ?"